ಅಳಿಯನ ವಿರುದ್ಧ ನನ್ನ ಸಾಕ್ಷಿ

ಹೆಸರು ನಂಜುಂಡಸ್ವಾಮಿ, ತಂದೆ ಲೇಟ್ ಪುಟ್ಟಮಾದಪ್ಪ, ವಯಸ್ಸು 68 ವರ್ಷ, ನಿವೃತ್ತ ಸಹಾಯಕ ಸಬ್ ಇನ್ಸ್‌ಪೆಕ್ಟರ್, ಸ್ವಂತ ಊರು ಮೈಸೂರು ಜಿಲ್ಲೆ ಹುಣಸೂರು, ಹಾಲಿ ವಾಸ ನ್ಯೂ ಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ ಮಗಳು ಲಾವಣ್ಯಾ ಮತ್ತು ಅಳಿಯ ಮಂಜೇಶ್‌ರವರ ಮನೆ. ದಿನಾಂಕ 1-3-2025ರ ಶನಿವಾರ ಆ ಮನೆಯ ಮುಂದೆ ನಡೆದ ಹಲ್ಲೆಯನ್ನು ಕಣ್ಣಾರೆ ಕಂಡವನಾದ ನಾನು ಕೈಯಾರೆ ಬರೆದುಕೊಡುವ ವಿವರ ಹೀಗಿದೆ.

ಹಲ್ಲೆಯ ದಿನ ಅಧಿಕಾರಿಗಳು ಫೋನಿನಲ್ಲಿ ಒದಗಿಸಿದ ದುಭಾಷಿಯ ಕನ್ನಡ ನನಗೆ ಅರ್ಥವಾಗಲಿಲ್ಲ. ಇಂಗ್ಲಿಷ್ ನನಗೆ ನಿಧಾನವಾಗಿ ಓದಲು ಬರುತ್ತದೆ, ಮಾತನಾಡಲು ಬರುವುದಿಲ್ಲ. ಸೇವೆಯಲ್ಲಿದ್ದಾಗ ಇಪ್ಪತ್ತೆರಡು ವರ್ಷ ಠಾಣೆಗಳಲ್ಲಿ ರೈಟರ್ ಆಗಿ ಇತರರ ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ. ಆದ್ದರಿಂದ ಕನ್ನಡದಲ್ಲೇ ಬರೆದುಕೊಡುತ್ತೇನೆಂದು ಕಾಗದ ಕೇಳಿದೆ. ಕೊಟ್ಟಿದ್ದಾರೆ.

ನಾನು ಮಗಳ ಮನೆಗೆ ಬಂದಿದ್ದು 9-11-2024ರಂದು. ಅಳಿಯನಿಗೆ 41 ವರ್ಷ. ಮ್ಯಾನ್‌ಹಟನ್‌ನ ಒಂದು ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. 6-8-2024ರ ಬೆಳಿಗ್ಗೆ 9.15ಕ್ಕೆ ಅವರನ್ನೂ ತಂಡದ ಉಳಿದ ಇಪ್ಪತ್ತೆರಡು ಜನರನ್ನೂ ಒಂದೇ ಮೀಟಿಂಗ್‌ನಲ್ಲಿ ಕೆಲಸದಿಂದ ತೆಗೆದರೆಂದು ಮಗಳು ತಿಳಿಸಿರುತ್ತಾಳೆ. ಮಗಳು ಮ್ಯಾನ್‌ಹಟನ್‌ನ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿದ್ದಾಳೆ. ಬೆಳಿಗ್ಗೆ 6.10ರ ಬಸ್ಸಿಗೆ ಹೋದರೆ ಬರುವುದು ಸಂಜೆ 6.45ಕ್ಕೆ. ಒಂಬತ್ತು ವರ್ಷದ ಮೊಮ್ಮಗಳು ಧೃತಿ ಶಾಲೆಗೆ ಹೋಗುತ್ತಾಳೆ. ಹಗಲು ಮನೆಯಲ್ಲಿರುತ್ತಿದ್ದವರು ನಾನು ಮತ್ತು ಅಳಿಯ ಇಬ್ಬರೇ. ದಿನಕ್ಕೆ ಹತ್ತು ಮಾತು ಕೂಡ ಆಡುತ್ತಿರಲಿಲ್ಲ.

ಅಳಿಯ ಮಹಡಿಯ ಕೋಣೆಯಲ್ಲಿ ಕುಳಿತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರು. ಜನವರಿ ಹೊತ್ತಿಗೆ 412 ಅರ್ಜಿಗಳಾಗಿದ್ದವು. ಬಹುಪಾಲಿಗೆ ಉತ್ತರವೇ ಇಲ್ಲ. ಒಂದು ಕಂಪನಿಯವರು ಐದು ಸುತ್ತು ಸಂದರ್ಶನ ಮಾಡಿ, ಆ ಹುದ್ದೆಯೇ ರದ್ದಾಯಿತೆಂದು ಎರಡು ಸಾಲು ಬರೆದು ಕಳುಹಿಸಿದರು. ಆ ದಿನ ಅಳಿಯ ಊಟಕ್ಕೆ ಕೆಳಗೆ ಬಂದು, ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ತಟ್ಟೆಯನ್ನು ಸಿಂಕಿಗೆ ಎಸೆದರು. ಅಡುಗೆ ನಾನೇ ಮಾಡಿದ್ದೆ. ಉಪ್ಪು ಸರಿಯಾಗಿತ್ತು.

ಗಾಯಾಳು ಮುಕುಂದ್‌ರವರು ನಮ್ಮ ಮನೆಯಿಂದ ಮೂರು ಮನೆ ಆಚೆ, ಸುಮಾರು 70 ಗಜ ದೂರದಲ್ಲಿ, ಹೆಂಡತಿ ಸನ್ನಿಧಿ ಮತ್ತು ಮಗಳು ಗಾರ್ಗಿಯೊಂದಿಗೆ ಬಾಡಿಗೆಗೆ ಇದ್ದಾರೆ. ಗಾರ್ಗಿ ಮತ್ತು ಧೃತಿ ಒಂದೇ ತರಗತಿ. ಅಳಿಯನಿಗೂ ಮುಕುಂದ್‌ರವರಿಗೂ ಆರು ವರ್ಷದ ಸ್ನೇಹ. 13-1-2025ರಂದು ಮುಕುಂದ್‌ರವರ ಕೆಲಸವೂ ಹೋಯಿತು. ಅಳಿಯನಿಗೆ ಗ್ರೀನ್ ಕಾರ್ಡ್ ಇದೆ. ಮುಕುಂದ್‌ರವರಿಗೆ ಇಲ್ಲ. ಕೆಲಸದ ವೀಸಾ ಆದ್ದರಿಂದ ಅರವತ್ತು ದಿನದೊಳಗೆ, ಅಂದರೆ 14-3-2025ರೊಳಗೆ, ಬೇರೆ ಕಂಪನಿ ಸೇರದಿದ್ದರೆ ಅವರು ಸಂಸಾರ ಸಮೇತ ದೇಶ ಬಿಡಬೇಕಿತ್ತು.

18-1-2025ರ ಸಂಜೆ 7.30ಕ್ಕೆ ಮುಕುಂದ್‌ರವರನ್ನು ಅಳಿಯನೇ ಊಟಕ್ಕೆ ಕರೆದಿದ್ದರು. ಊಟದ ನಡುವೆ, ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಹುದ್ದೆಯೊಂದು ಖಾಲಿಯಿದೆ, ತನ್ನ ಎರಡು ಸುತ್ತು ಮುಗಿದಿದೆ ಎಂದು ಅಳಿಯ ಹೇಳಿದರು. ಮುಕುಂದ್‌ರವರು ಒಳ್ಳೆಯದಾಗಲಿ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

6-2-2025ರಂದು ಅಳಿಯನಿಗೆ ಆ ಕಂಪನಿಯಲ್ಲಿ ಕೊನೆಯ ಸುತ್ತು ಇತ್ತು. ಬರುವಾಗ ಅಂಗಡಿಗೆ ಹೋಗುವುದಿದ್ದರಿಂದ ನನ್ನನ್ನೂ ಕರೆದುಕೊಂಡು ಹೋದರು. ಮನೆಯಿಂದ ಸುಮಾರು ಹದಿನೇಳು ಮೈಲಿ. 9.50ಕ್ಕೆ ಅವರು ಒಳಗೆ ಹೋದರು, ನಾನು ಕಾರಿನಲ್ಲೇ ಕುಳಿತಿದ್ದೆ. 11.20ಕ್ಕೆ ನಾಲ್ಕು ಕಾರುಗಳ ಆಚೆ ಇನ್ನೊಂದು ಕಾರು ನಿಂತು, ಅದರಿಂದ ಟೈ ಕಟ್ಟಿಕೊಂಡು ಮುಕುಂದ್‌ರವರು ಇಳಿದರು. ನನ್ನನ್ನು ಕಂಡವರೇ ಬಳಿಗೆ ಬಂದು, "ಅಂಕಲ್, ನನಗೆ ಬೇರೆ ದಾರಿ ಇರ್ಲಿಲ್ಲ," ಎಂದರು. ನಾನು ಏನೂ ಕೇಳಿರಲಿಲ್ಲ. ಅದೇ ಹೊತ್ತಿಗೆ ಅಳಿಯ ಬಾಗಿಲಿನಿಂದ ಹೊರಬಂದರು. ಇಬ್ಬರೂ ಮಾತನಾಡದೆ ಒಬ್ಬರನ್ನೊಬ್ಬರು ದಾಟಿ ಹೋದರು. ಅಂಗಡಿಗೆ ಹೋಗಲಿಲ್ಲ. ದಾರಿಯಲ್ಲಿ ಅಳಿಯ ಆಡಿದ ಮಾತು ಒಂದೇ: "ನಮ್ಮನೇಲಿ ಕೂತು ಉಂಡ್ಕೊಂಡು, ನನ್ನ ಬಾಯಿಂದಾನೇ ವಿಷ್ಯ ತಿಳ್ಕೊಂಡು ಹೋಗಿ ಅಪ್ಲೈ ಮಾಡಿದಾನೆ."

13-2-2025ರಂದು ಅಳಿಯನನ್ನು ಬೇಡವೆಂದು ಕಂಪನಿಯವರು ತಿಳಿಸಿದರು. 17-2-2025ರ ಸಂಜೆ ಮುಕುಂದ್‌ರವರು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಕೆಲಸ ತನಗೆ ಸಿಕ್ಕಿದೆ, ಮಾರ್ಚ್ ಹತ್ತರಂದು ಸೇರಬೇಕು ಎಂದು ಬಾಗಿಲಲ್ಲೇ ನಿಂತು ಹೇಳಿದರು. ಅಳಿಯ ಮಹಡಿಯಿಂದ ಇಳಿಯಲಿಲ್ಲ. ಡಬ್ಬಿಯನ್ನು ಮರುದಿನ ಕಸದ ಬುಟ್ಟಿಯಲ್ಲಿ ಕಂಡೆ. ಮುಚ್ಚಳ ತೆಗೆದಿರಲಿಲ್ಲ.

20-2-2025ರ ಬೆಳಿಗ್ಗೆ 11.00ಕ್ಕೆ ನಾನು ಕಾಫಿ ತೆಗೆದುಕೊಂಡು ಅಳಿಯನ ಕೋಣೆಗೆ ಹೋದೆ. ಅವರು ಕಂಪ್ಯೂಟರಿನಲ್ಲಿ ಒಂದು ಪತ್ರ ಟೈಪ್ ಮಾಡುತ್ತಿದ್ದರು. ನಾನು ಅವರ ಹಿಂದೆ ಮೂರು ಅಡಿ ದೂರದಲ್ಲಿದ್ದೆ. ಪತ್ರದಲ್ಲಿ ಮುಕುಂದ್‌ರವರ ಪೂರ್ತಿ ಹೆಸರು, ಆ ಔಷಧ ಕಂಪನಿಯ ಹೆಸರು ಮತ್ತು ಅವರು ತೋರಿಸಿರುವ ಅನುಭವ ಸುಳ್ಳು ಎಂಬ ಮಾತು ಇದ್ದುದನ್ನು ಓದಿದೆ. ಕೆಳಗೆ ಬರೆದವರ ಹೆಸರಿರಲಿಲ್ಲ. ಇದೇನು ಎಂದು ಕೇಳಿದ್ದಕ್ಕೆ ಅಳಿಯ ತಿರುಗಿ ನೋಡದೆ, "ಮಾವ, ಇದು ನಿಮ್ಮ ಠಾಣೆ ಅಲ್ಲ. ಬಾಗ್ಲು ಎಳ್ಕೊಂಡು ಹೋಗಿ," ಎಂದರು. ನಾನು ಬಾಗಿಲು ಎಳೆದುಕೊಂಡು ಬಂದೆ.

ಆ ಮೇಲೆ ಎಂಟು ದಿನ ಈ ವಿಷಯವನ್ನು ನಾನು ಯಾರಿಗೂ ತಿಳಿಸಲಿಲ್ಲ. ಮಗಳಿಗೂ ತಿಳಿಸಲಿಲ್ಲ. ಕಾರಣ ಬರೆಯುವುದಾದರೆ, ಆ ಕೆಲಸ ಅಳಿಯನಿಗೇ ವಾಪಸು ಬರಬಹುದೆಂಬ ಆಸೆ ನನಗೂ ಇತ್ತು.

28-2-2025ರ ಬೆಳಿಗ್ಗೆ 10.30ಕ್ಕೆ ನಾನು ವಾಕಿಂಗ್ ಹೋಗಿದ್ದಾಗ ಅಂಚೆ ಡಬ್ಬಿಗಳ ಪಕ್ಕದ ಬೆಂಚಿನಲ್ಲಿ ಮುಕುಂದ್‌ರವರು ಕುಳಿತಿದ್ದರು. ಚಳಿಯಿತ್ತು, ಮೈಮೇಲೆ ಜಾಕೆಟ್ ಇರಲಿಲ್ಲ. "ಕಂಪನಿಯೋರು ಆಫರ್ ಕ್ಯಾನ್ಸಲ್ ಮಾಡ್ಬಿಟ್ರು ಅಂಕಲ್. ಯಾರೋ ಹೆಸರಿಲ್ದೆ ಮೇಲ್ ಹಾಕಿದಾರೆ. ಅದ್ರಲ್ಲಿರೋದು ಸುಳ್ಳೂ ಅಲ್ಲ," ಎಂದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಕುಳಿತಿದ್ದುದನ್ನು ಅರ್ಜಿಯಲ್ಲಿ ಕೆಲಸ ಮಾಡಿದಂತೆ ತೋರಿಸಿದ್ದಾಗಿಯೂ, ಅದು ಗೊತ್ತಿರುವವರು ಮಂಜೇಶ್ ಮತ್ತು ಬೆಂಗಳೂರಿನ ಗೆಳೆಯ ವಸಿಷ್ಠ ಇಬ್ಬರೇ ಎಂದೂ ತಿಳಿಸಿದರು. ಮಂಜೇಶ್ ಹಾಗೆ ಮಾಡುವವನಲ್ಲ, ಆದ್ದರಿಂದ ಈಗಷ್ಟೇ ವಸಿಷ್ಠನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬಯ್ದೆ ಎಂದರು.

ನಾನು, "ವಸಿಷ್ಠನ್ನ ಬಯ್ಬೇಡಪ್ಪ," ಎಂದೆ. ಅಷ್ಟೇ ಹೇಳಿದ್ದು.

ಅವರು, ಯಾವಾಗಿನಿಂದ ಗೊತ್ತು ಎಂದು ಕೇಳಿದರು. ಇಪ್ಪತ್ತನೇ ತಾರೀಕಿನಿಂದ ಎಂದೆ. "ಎಂಟು ದಿನ. ದಿನಾ ನನ್ನ ನೋಡಿ ಚೆನ್ನಾಗಿದೀಯೇನಪ್ಪ ಅಂತಿದ್ರಲ್ಲ ಅಂಕಲ್," ಎಂದು ಎದ್ದು ನಿಂತರು. ಇವತ್ತೇ ಮನೆಗೆ ಬರಬೇಡ, ಮೊದಲು ನಾನು ಅಳಿಯನ ಬಳಿ ಮಾತನಾಡುತ್ತೇನೆ ಎಂದು ಕೇಳಿಕೊಂಡೆ. ಆ ದಿನವೂ ನಾನು ಅಳಿಯನ ಬಳಿ ಮಾತನಾಡಲಿಲ್ಲ.

1-3-2025ರ ಮಧ್ಯಾಹ್ನ 3.40ಕ್ಕೆ ನಾನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಮಗಳು ತರಕಾರಿ ತರಲು ಹೋಗಿದ್ದಳು. ನನ್ನಿಂದ ಹದಿನಾಲ್ಕು ಅಡಿ ದೂರದ ಗ್ಯಾರೇಜಿನ ಮುಂದೆ ಅಳಿಯ ಸಾಮಾನು ಜೋಡಿಸುತ್ತಿದ್ದರು. ಮುಕುಂದ್‌ರವರು ನಡೆದುಕೊಂಡು ಬಂದರು. ಅವರ ಎಡಗೈಯಲ್ಲಿ ಫೋನ್ ಇತ್ತು, ಬಲಗೈ ಖಾಲಿಯಿತ್ತು. ಅಳಿಯನಿಂದ ನಾಲ್ಕು ಅಡಿ ದೂರದಲ್ಲಿ ನಿಂತರು.

"ಮೇಲ್ ಹಾಕಿದ್ದು ನೀನೇ ಅಂತ ನಿನ್ನ ಬಾಯಲ್ಲಿ ಹೇಳು."

"ಹೂಂ, ನಾನೇ. ಏನೀಗ? ಇರೋದನ್ನ ತಾನೇ ಬರ್ದಿರೋದು."

"ಹದಿಮೂರು ದಿನದಲ್ಲಿ ನನ್ನ ಮಗಳನ್ನ ಸ್ಕೂಲ್ ಬಿಡ್ಸಿ ಕರ್ಕೊಂಡು ಹೋಗ್ಬೇಕು ಕಣೋ."

"ನನ್ನ ಕೆಲ್ಸಕ್ಕೆ ಕೈ ಹಾಕೋವಾಗ ಮಗಳು ನೆನಪಾಗ್ಲಿಲ್ವಾ?"

"ನಿನ್ನ ಕೆಲ್ಸ? ಏಳು ತಿಂಗಳಿಂದ ಒಬ್ರೂ ನಿನ್ನ ತಗೊಂಡಿಲ್ಲ. ನಾನು ಹೋಗ್ದೇ ಇದ್ರೂ ಅವ್ರು ನಿನ್ನ ತಗೋತಿರ್ಲಿಲ್ಲ."

ಇಷ್ಟು ಹೇಳಿ ಮುಕುಂದ್‌ರವರು ವಾಪಸು ಹೋಗಲು ತಿರುಗಿದರು. ಅಳಿಯ ಗೋಡೆಗೆ ಒರಗಿಸಿದ್ದ ಹಿಮ ಬಳಿಯುವ ಸಲಿಕೆಯನ್ನು ಎರಡೂ ಕೈಯಿಂದ ಎತ್ತಿ ಬೀಸಿದರು. ಮೊದಲ ಏಟು ಎಡಭುಜಕ್ಕೆ ಬಿತ್ತು. ಮುಕುಂದ್‌ರವರು ತಿರುಗಿದಾಗ ಎರಡನೆಯದು ಎಡಹುಬ್ಬಿನ ಮೇಲೆ ಬಿತ್ತು. ಅವರು ಕುಸಿದು ಬಿದ್ದರು. ಮೂರನೆಯ ಸಲ ಎತ್ತುವಾಗ ನಾನು ಓಡಿಹೋಗಿ ಸಲಿಕೆ ಹಿಡಿದುಕೊಂಡೆ. ಮುಕುಂದ್‌ರವರು ಅಳಿಯನ ಕಾಲರ್ ಹಿಡಿಯಲಿಲ್ಲ, ಕೈ ಎತ್ತಲಿಲ್ಲ. ಎದುರು ಮನೆಯ ಹೆಂಗಸು ಪೊಲೀಸರಿಗೆ ಫೋನ್ ಮಾಡಿದರು. ಅವರು ಬರುವ ತನಕ ನಾನು ಟವೆಲ್ಲಿನಿಂದ ಗಾಯವನ್ನು ಒತ್ತಿ ಹಿಡಿದಿದ್ದೆ. ಮುಕುಂದ್‌ರವರು ನನ್ನ ಕೈ ತಳ್ಳಿದರು. ನಾನು ಮತ್ತೆ ಒತ್ತಿ ಹಿಡಿದೆ.

ತಲೆಯೆತ್ತಿ ನೋಡಿದಾಗ ಮಹಡಿಯ ಕಿಟಕಿಯಲ್ಲಿ ಮೊಮ್ಮಗಳು ನಿಂತಿದ್ದಳು. ಆಮೇಲೆ ಬಂದ ಪೊಲೀಸ್ ಅಧಿಕಾರಿಣಿಯೊಬ್ಬರು ಅವಳನ್ನು ಏನೋ ಕೇಳಿದರು. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು. ನನಗೆ ತಿಳಿದ ಪದ "ಡ್ಯಾಡ್" ಒಂದೇ.

ಆ ದಿನ ಪೊಲೀಸರು ಹಿಡಿದುಕೊಂಡು ಹೋಗಿದ್ದ ಅಳಿಯ 2-3-2025ರ ಬೆಳಿಗ್ಗೆ ಬಿಡುಗಡೆಯಾಗಿ ಬಂದರು. ಮುಕುಂದ್ ಮೊದಲು ಕಾಲರ್ ಹಿಡಿದನೆಂದು ಅವರು ಹೇಳಿಕೆ ಕೊಟ್ಟಿರುವುದಾಗಿ ಆಗ ತಿಳಿಯಿತು. "ಸಾಕ್ಷಿ ಹೇಳೋಕ್ ಮುಂಚೆ ಯಾರ ಮನೇಲಿ ಊಟ ಮಾಡ್ತಿದೀರಿ ಅನ್ನೋದು ನೆನಪಿರ್ಲಿ," ಎಂದು ನನಗೆ ಹೇಳಿದರು. ಮಧ್ಯಾಹ್ನ 1.15ಕ್ಕೆ ಮಗಳು ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು, "ಕಾಲರ್ ಹಿಡ್ಕೊಂಡ ಅಂತ ನೀನೂ ಹೇಳಪ್ಪ. ಒಂದೇ ಮಾತು. ಇಲ್ದಿದ್ರೆ ಇವ್ರ ಗ್ರೀನ್ ಕಾರ್ಡಿಗೇ ತೊಂದ್ರೆ ಆಗ್ಬಹುದು ಅಂತ ಲಾಯರ್ ಹೇಳಿದಾರೆ," ಎಂದಳು. ನೋಡಲಿಲ್ಲವೆಂದು ಹೇಳಲೇ ಎಂದು ಕೇಳಿದೆ. ನಾನು ಮೆಟ್ಟಿಲ ಮೇಲಿದ್ದುದನ್ನು ಎದುರು ಮನೆಯಾಕೆ ಆಗಲೇ ತಿಳಿಸಿದ್ದಾಳೆ ಎಂದಳು. ಮತ್ತೆ, "ಸರ್ವಿಸಲ್ಲಿ ಯಾರ್ಯಾರಿಗೋ ಹೀಗೆ ಬರ್ಕೊಟ್ಟಿದೀಯ. ನನಗೊಂದು ಬರಿಯಕ್ಕೆ ಆಗಲ್ವಾ?" ಎಂದಳು.

ಹಾಗೆ ಸುಳ್ಳು ಬರೆದುಕೊಟ್ಟಿದ್ದು ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ನಾನು ಸುಳ್ಳು ಬರೆದರೆ, ನಿಜ ಹೇಳಲು ಕಿಟಕಿಯಲ್ಲಿದ್ದ ಮಗುವನ್ನು ಕರೆಸುತ್ತಾರೆ. ತಂದೆಯ ಮೇಲೆ ಅವಳು ಸಾಕ್ಷಿ ಹೇಳಬಾರದು. ಅದಕ್ಕೆ ನಾನು ಹೇಳುತ್ತಿದ್ದೇನೆ. ಪತ್ರದ ವಿಷಯವನ್ನು ಮುಕುಂದ್‌ರವರಿಗೆ ತಿಳಿಯುವಂತೆ ಮಾಡಿದವನು ನಾನೇ ಎಂಬುದು ಅಳಿಯನಿಗೂ ಮಗಳಿಗೂ ಇದುವರೆಗೆ ಗೊತ್ತಿಲ್ಲ.

ಇಂದು 2.05ಕ್ಕೆ ಮಗಳು ನನ್ನನ್ನು ಈ ಪೊಲೀಸ್ ಠಾಣೆಯಲ್ಲಿ ಬಿಟ್ಟು, ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾಳೆ. ತಾನು ಹೇಳಿದಂತೆಯೇ ಬರೆಯುತ್ತಿದ್ದೇನೆಂದು ನಂಬಿದ್ದಾಳೆ. ಈಗ ಸಮಯ 3.20. ಇಲ್ಲಿ ಬರೆದಿರುವುದನ್ನು ಭಾಷಾಂತರಕ್ಕೆ ಕಳುಹಿಸುವ ಮೊದಲು ನಾನೇ ಹೋಗಿ ಅವಳಿಗೆ ಹೇಳಬೇಕು. ಅದಕ್ಕೆ ಹತ್ತು ನಿಮಿಷ ಕೊಡಬೇಕೆಂದೂ, ಅಲ್ಲಿಯವರೆಗೆ ಅಧಿಕಾರಿಗಳು ಯಾರೂ ಹೊರಗೆ ಬರಬಾರದೆಂದೂ ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ಎರಡು ಸಲ ಓದಿ ನೋಡಿದ್ದೇನೆ. ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ. ಕೂಡಿಸಿದ್ದಿಲ್ಲ, ಬಿಟ್ಟಿದ್ದಿಲ್ಲ.

ಸ್ಥಳ: ಓಲ್ಡ್ ಬ್ರಿಡ್ಜ್
ದಿನಾಂಕ: 3-3-2025
ಸಹಿ: ಪಿ. ನಂಜುಂಡಸ್ವಾಮಿ