ನನ್ನ ಫೋನಿನಾಗಷ್ಟ ಹೋತು

ಮಳಗಿ ಊರಿನ ಬಸ್ಸಿಗೆ ಕಾಯುತ್ತಿದ್ದ ಮುದಕವ್ವನ ಕಿವಿ, ಪಕ್ಕದಲ್ಲಿ ಕೂತ ಶಾಲೆಯ ಸುನಂದಾ ಅಕ್ಕೋರು ಮತ್ತು ಲೋಕೇಶ ಮಾಸ್ತರರ ಮಾತಿನ ಕಡೆಗೇ ಇತ್ತು.

“ನಮ್ಮ ಸಾಲಿ ಹುಡುಗಿ ತುಳಜಾ ಓದೂಮುಂದ ತಡವರಿಸ್ತಾಳ, ಹೆಂಗ ಕಲಿಸೂದು ಅಂತ ಶಿಕ್ಷಕರ ವಾಟ್ಸಾಪ್ ಗ್ರೂಪಿನಾಗ ಆಕಿ ವಿಡಿಯೊ ಹಾಕಿ ಕೇಳಿದ್ನಿರೀ,” ಎಂದರು ಅಕ್ಕೋರು.

“ಯಾರರ ಏನರ ಹೇಳಿದ್ರೇನ್ರಿ?”

“ಎಲ್ಲಾರೂ ಹೆಬ್ಬೆರಳಿನ ಚಿತ್ರ ಒತ್ತಿದ್ರು. ಯಾರೋ ಪುಣ್ಯಾತ್ಮರು ನಗೂ ಸಪ್ಪಳ ಸೇರಿಸಿ ಊರಿಗೆಲ್ಲಾ ಹಂಚಿದ್ರು.”

“ಲಗೂನ ಅಳಿಸಬೇಕಿತ್ತಲ್ರಿ ಅಕ್ಕೋರ!”

“ಗಾಬರಿಯೊಳಗ ಅಳಿಸಿದ್ನಿ. ನನ್ನ ಫೋನಿನಾಗಷ್ಟ ಹೋತು. ಉಳಿದವರ ಫೋನಿನಾಗ ಹಂಗ ಐತಿ.”

“ಹುಡುಗಿ?”

“ತಾಂಡಾದ ಹುಡುಗರು ಅಣಕಿಸ್ತಾರಂತ ಸಾಲಿ ಬಿಟ್ಟು ಕುಂತಾಳ. ‘ಈಗ ಅದು ಯಾರ ಫೋನಿನಾಗೂ ಇಲ್ಲ ಅಂತ ಒಂದ್ ಮಾತು ಹೇಳ್ರಿ ಅಕ್ಕೋರ, ನಾಳಿಂದ ಬರ್ತೇನಿ’ ಅಂದ್ಲು.”

“ನೀವೇನಂದ್ರಿ?”

ಅಷ್ಟರಲ್ಲಿ ಹಳಿಯಾಳದ ಬಸ್ಸು ಬಂತು. ಉತ್ತರ ಕೇಳಲೆಂದು ಮುದಕವ್ವ ನಾಲ್ಕು ಹೆಜ್ಜೆ ಅವರ ಬೆನ್ನ ಹಿಂದೆಯೇ ನಡೆದಳು. ಅಕ್ಕೋರು ಬಸ್ಸು ಹತ್ತಿ, ಕಿಟಕಿಗೆ ಮುಖ ಕೊಟ್ಟು ಕೂತರು.