ಬಳುಕುವ ಅಕ್ಷರದಲ್ಲಿ ಹುಚ್ಚಕ್ಕ

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಚಿತ್ರಲಿಂಗಪ್ಪ ನಿಂತಿದ್ದ. ಪಕ್ಕದ ಕಲ್ಲುಬೆಂಚಿನ ಮೇಲೆ ಕುರಿ ಸಾಕುವ ಎತ್ತಪ್ಪ ತನ್ನ ತಂಗಿಯ ಮುಂದೆ ಮಗಳ ಲಗ್ನಪತ್ರಿಕೆಯ ಕಟ್ಟು ಬಿಚ್ಚಿದ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಬಳುಕುವ ಅಕ್ಷರಗಳನ್ನು ಚಿತ್ರಲಿಂಗಪ್ಪ ಮೊದಲು ಜೋಡಿಸಿದ್ದು ಇದೇ ಪತ್ರಿಕೆಗೆ. ಅವನು ಕಿವಿಗೊಟ್ಟ.

“ಅಕ್ಷರ ಬಳ್ಳಿ ಹಬ್ಬಿದಂಗೆ ಅವೆ ಕಣಣ್ಣ. ಏನಂತ ಐತೆ?”

“ಮೂರು ಹೆಸರು ಮಾತ್ರ ಹಂಗೆ ಹಾಕ್ಸೀನಿ. ಹುಡುಗೀದು, ಹುಡುಗಂದು, ನಿಂದು.”

“ನಂದಾ? ಗಂಡ ಸತ್ತೋಳ ಹೆಸರು ಲಗ್ನಪತ್ರಿಕೇಲಿ ಹಾಕ್ತಾರೇನಣ್ಣ? ಬೀಗರು ಏನಂದಾರು?”

“ಏನಾರ ಅನ್ಲಿ. ಅವಳವ್ವ ಹೋದಾಗಿಂದ ಸಾಕ್ದೋಳು ನೀನು. ಮದುವೆಗೆ ಕರೆಯೋಳೂ ನೀನೇ.”

ತಂಗಿ ಸೆರಗಿಗೆ ಕೈ ಒರೆಸಿಕೊಂಡಳು.

“ನಂದು ಯಾವ್ದು, ತೋರ್ಸು.”

“ಇಗಾ, ಇದು. ಹುಚ್ಚಕ್ಕ. ‘ಹು’ದ ಕೊಂಬು ಟಗರಿನ ಕೊಂಬಿನಂಗೆ ಸುತ್ಕಂಡೈತೆ ನೋಡು.”

“ಎಷ್ಟು ಚಂದಾಗೈತಣ್ಣ.”

ಹೊಳಲ್ಕೆರೆ ಬಸ್ಸು ಬಂತು. ಅಣ್ಣ ತಂಗಿ ಹತ್ತಿದರು. ಅದು ತನ್ನ ಬಸ್ಸಲ್ಲದಿದ್ದರೂ ಚಿತ್ರಲಿಂಗಪ್ಪ ಕಿಟಕಿಯ ಬಳಿ ಹೋಗಿ ನಿಂತ. ಟಿಕೆಟಿಗೆ ಬಂದ ಕಂಡಕ್ಟರ್ ಕೈಗೆ ಹುಚ್ಚಕ್ಕ ಪತ್ರಿಕೆ ಕೊಟ್ಟಳು.

“ಸ್ವಾಮಿ, ಈ ಹೆಸರೊಂದು ಜೋರಾಗಿ ಓದ್ರಿ.”

ಬಸ್ಸಿನವರಿಗೆಲ್ಲ ಕೇಳುವಂತೆ ಅವನು ಓದಿದ. ಬಸ್ಸು ಹೊರಟಿತು.