ಸ್ಟ್ರೋನಾಕಿ ಹೆಸರಿನವರು

ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ವಸಂತಾಳಿಗೆ ಹಿಂದಿನ ಸಾಲಿನಿಂದ ಕನ್ನಡ ಕೇಳಿಸಿತು. ತಾಯಿ, ಮಗಳು ಮಾತಾಡುತ್ತಿದ್ದರು.

“ಒಂದು ಚೂರು ಏನಾದ್ರೂ ತಿನ್ನೇ, ಅಮಿತಾ.”

“ಬೇಡಮ್ಮ. ಇಯನ್‌ಗೆ ಮೂಳೆಮಜ್ಜೆ ಕೊಡೋರು ಸಿಗ್ಲಿ, ಆಮೇಲೆ ತಿಂತೀನಿ.”

“ಅಳಿಯಂದ್ರ ಅಪ್ಪ ಮನೆ ಬಿಟ್ಟುಹೋಗಿ ನಲವತ್ತು ವರ್ಷ ಆಯ್ತು. ಆ ಕಡೆಯೋರನ್ನ ಎಲ್ಲಿ ಅಂತ ಹುಡುಕ್ತೀಯ?”

“ಸರ್‌ನೇಮ್ ಇದ್ಯಲ್ಲ, ಸ್ಟ್ರೋನಾಕಿ. ಸ್ಕಾಟ್ಲೆಂಡಲ್ಲಿ ಯಾವುದೋ ದ್ವೀಪದ ಹಳ್ಳಿ ಹೆಸರಂತೆ. ಈಗ ಅಲ್ಲಿ ಕುರಿ ಬಿಟ್ರೆ ಯಾರೂ ಇಲ್ಲ. ಈ ದೇಶದಲ್ಲಿ ನಮ್ಮನ್ನ ಬಿಟ್ಟು ಆ ಹೆಸರಿನೋರು ಒಂಬತ್ತೇ ಜನ.”

“ಎಲ್ರಿಗೂ ಫೋನ್ ಮಾಡಿದ್ಯಾ?”

“ಎಂಟು ಜನ ಸಂಬಂಧ ಇಲ್ಲ ಅಂದ್ರು. ಇನ್ನೊಬ್ಬ ತಕಾನಿನಿ ಅನ್ನೋ ಊರಲ್ಲಿದಾನೆ. ಎತ್ತೋದೇ ಇಲ್ಲ. ದಿನಾ ಮೆಸೇಜ್ ಬಿಡ್ತಿದೀನಿ.”

ಅಷ್ಟರಲ್ಲಿ ಫೋನ್ ಬಂತು. “ಅವನೇ, ಅಮ್ಮ!” ಅಮಿತಾ ಇಂಗ್ಲಿಷಿನಲ್ಲಿ ಮಾವನ ಹೆಸರು, ಹುಟ್ಟಿದ ಊರು ಹೇಳಿದಳು. ಎರಡು ಸಲ ‘ಪ್ಲೀಸ್’ ಎಂದಳು. ವಸಂತಾ ಹಿಂದಕ್ಕೆ ವಾಲಿ ಕಿವಿಗೊಟ್ಟಳು.

“ಏನಂದ?”

“ಅದೇ ಅಪ್ಪನ ಮಗ, ಅಮ್ಮ. ಇಯನ್‌ಗೆ ತಮ್ಮ.”

“ಬರ್ತಾನಂತಾ?”

“ಅಣ್ಣ ಒಬ್ಬ ಇದಾನೆ ಅಂತ ಅವನಿಗೆ ಈಗಲೇ ಗೊತ್ತಾಗಿದ್ದು. ಯೋಚನೆ ಮಾಡ್ತೀನಿ ಅಂದ.”

ಒಳಗಿನಿಂದ ನರ್ಸ್ ಕರೆದಳು. ತಾಯಿ ತೋಳು ಹಿಡಿದು ಎಬ್ಬಿಸಿದಳು. ಅಮಿತಾ ಫೋನನ್ನು ಎದೆಗೊತ್ತಿಕೊಂಡೇ ವಾರ್ಡಿನ ಕಡೆ ನಡೆದಳು.